ಕಿಟಕಿಯ ಬೆಳಕಿಗೆ ಹಿಡಿದ ಫಿಲ್ಮ್

ಮಾರ್ಚ್ 5, ಬುಧವಾರ. ಬೆಳಿಗ್ಗೆ 7.20

ಫ್ರಿಜ್ಜು ಆರು ಡಿಗ್ರಿ. ಬರೆದಿಟ್ಟೆ. ಫಾಯಿಲ್ ಕವರ್ ಬಿಗಿಯಾಗಿದೆ. ಕೋಣೆಯಲ್ಲಿ ಹಳದಿ ದೀಪ ಮಾತ್ರ. ಫಿಲ್ಮಿಗೆ ಬಿಸಿಲು ತಾಗಬಾರದು, ತಾಗಿದರೆ ಅದಕ್ಕೂ ನೀಲಿಯಾಗುತ್ತದೆ. ಹದಿನೆಂಟು ವರ್ಷದಿಂದ ಇದು ನನ್ನ ಕೋಣೆ.

ದಿನದ ಹತ್ತು ತುಂಡು ತೆಗೆದೆ. ಉಗುರಿನಷ್ಟಗಲ, ನೀರಿನಂತೆ ಬಣ್ಣವಿಲ್ಲ. ಸಿರಿಂಜಿನ ಡಬ್ಬಗಳಿಗೆ ಅಂಟಿಸಿ, ಕ್ರಿಮಿ ಕೊಲ್ಲುವ ಎಲೆಕ್ಟ್ರಾನ್ ಬೀಮ್ ಕೆಳಗೆ ಕಳಿಸಿದರೆ, ಡೋಸ್ ಬಿದ್ದಷ್ಟು ನೀಲಿಯಾಗುತ್ತದೆ. ನೀಲಿ ಸಾಲದಿದ್ದರೆ ಸಿರಿಂಜಿನಲ್ಲಿ ಕ್ರಿಮಿ ಉಳಿದಿರಬಹುದು.

ಅಂಚಿನ ನಂಬರು ಕಾಣಲಿಲ್ಲ. ದೀಪ ಮಂಕು. ಒಂದು ಗಳಿಗೆಗೆ ಏನಾಗುತ್ತದೆ ಎಂದು ಪ್ಯಾಸೇಜಿನ ಕಿಟಕಿಗೆ ಒಯ್ದು ಒಂದೊಂದಾಗಿ ಹಿಡಿದು ನೋಡಿದೆ. ಆಕಾಶವೇ ಬೆರಳ ತುದಿಗೆ ಇಳಿದಂತೆ. ತುಮಕೂರು ರಸ್ತೆಯ ಸದ್ದೆಲ್ಲ ಎಲ್ಲೋ ನೀರಿನಡಿ… ಎಷ್ಟು ಹೊತ್ತು ನಿಂತೆನೋ.

ಮಾರ್ಚ್ 7

ಇವತ್ತೂ ಕಿಟಕಿ. ಸೊಸೆ ಭುವನೇಶ್ವರಿ ಬಾಗಿಲಲ್ಲಿ ನಿಂತಿದ್ದಳು. ಫಿಲ್ಮ್ ಅಂಟಿಸುವ ಕೆಲಸ ಅವಳದು, ನಾನೇ ಸೇರಿಸಿದ್ದು. ಮನೆಯಲ್ಲಿ ಅತ್ತೆ, ಇಲ್ಲಿ ಮೇಡಂ — ಮೊದಲ ದಿನವೇ ಹೇಳಿದ್ದೆ.

“ಮೇಡಂ, ಬೆಳಕು…” ಎಂದಳು.

“ನಿನ್ ಕೆಲ್ಸ ನೋಡ್ಕೊ,” ಎಂದೆ.

ಮಾರ್ಚ್ 12, ಸಂಜೆ

ಕ್ವಾಲಿಟಿ ಮ್ಯಾನೇಜರ್ ಕೊಟ್ರೇಶ್ ಬಂದರು. “ಮಿಷಿನ್ ಸೆಟ್ಟಿಂಗ್ ಹಂಗೇ ಐತಿ, ಡೋಸ್ ಯಾಕ್ರೀ ಏರೈತಿ?” ಇವತ್ತಿನ ಹತ್ತರಲ್ಲಿ ಮಿಕ್ಕಿದ್ದ ಎರಡು ಹೊಸ ತುಂಡನ್ನು ಬಣ್ಣ ಅಳೆಯುವ ರೀಡರ್‌ಗೆ ಹಾಕಿಸಿದರು. ಬೀಮ್ ಕಾಣದ ಫಿಲ್ಮು — ಆಗಲೇ ನೀಲಿಯಂತೆ. ನನಗೆ ತಿಳಿಯಾಗಿಯೇ ಕಂಡಿತು.

“ಯಾರೋ ಬಿಸಿಲಿಗೆ ಹಿಡಿದಾರ.”

ನನ್ನ ಬಾಯಿಂದ ಬಂತು: “ಭುವನೇಶ್ವರಿ ಕವರ್ ತೆರೆದಿಟ್ಟಿರಬೇಕು.”

ಪಕ್ಕದಲ್ಲೇ ಇದ್ದ ಅವಳು ತಲೆ ಎತ್ತಲಿಲ್ಲ. ಇವತ್ತಿನ ಡಬ್ಬ ಮಾತ್ರ ತಡೆದರು. ಸೋಮವಾರದಿಂದ ಅವಳು ಬರಬೇಕಾಗಿಲ್ಲವಂತೆ.

ಮಾರ್ಚ್ 13

ಇವತ್ತು ಬೀಮ್ ಬಂದ್, ಇಬ್ಬರೂ ಮನೆಯಲ್ಲೇ. ಹುರುಳಿಕಾಯಿ ಬಿಡಿಸುತ್ತ ಕುಳಿತಿದ್ದೆವು.

“ಅತ್ತೆ, ನಿಮ್ಗೆ ಆ ನೀಲಿ ಕಾಣ್ಲೇ ಇಲ್ವಾ?”

ಒಗೆದು ಒಣಗಿದ್ದ ನನ್ನ ಎರಡು ಸೀರೆ ತಂದು ಮುಂದಿಟ್ಟಳು. “ಇದ್ರಲ್ಲಿ ನೀಲಿ ಯಾವ್ದು?”

ನನ್ನ ಕಣ್ಣಿಗೆ ಎರಡೂ ಬೂದಿ ಬಣ್ಣವೇ.

“ನಾನ್ ಕಿಟಕಿಗೆ ಹಿಡ್ದಿದ್ದು ನೋಡಿಯೂ ಕೊಟ್ರೇಶರಿಗೆ ಯಾಕೆ ಹೇಳ್ಲಿಲ್ಲ?” ಎಂದೆ.

“ನಿಮ್ಮನ್ನ ಎದುರಾಕ್ಕೊಳ್ಳೋದಾ? ಯಮ ಬಂದ್ರೂ ನಿಮ್ಮನ್ನ ಕೇಳ್ಕೊಂಡೇ ಒಳಗ್ ಬರ್ಬೇಕು.”

ನಕ್ಕಳು. ನನಗೆ ನಗು ಬರಲಿಲ್ಲ. ಐದನೇ ತಾರೀಖಿನಿಂದ ದಿನವೂ ಕಿಟಕಿಗೆ ಹಿಡಿದಿದ್ದೇನೆ. ಫಿಲ್ಮು ಡೋಸ್ ಹೆಚ್ಚು ತೋರಿಸಿದೆ. ಸಿರಿಂಜಿಗೆ ಎಷ್ಟು ಸಿಕ್ಕಿತೋ ಯಾರಿಗೂ ಗೊತ್ತಿಲ್ಲ. ಆ ಡಬ್ಬಗಳೆಲ್ಲ ನನ್ನ ಸಹಿ ಹೊತ್ತು ಗೋಡೌನಿನಲ್ಲಿವೆ. ನಾಳೆ ಲೋಡಿಂಗ್.

ಮಧ್ಯಾಹ್ನ ಜೊಂಪು ಹತ್ತಿತ್ತು. ಕನಸಿನಲ್ಲಿ ನಮ್ಮೂರು ಮಾಕಳಿಯ ಬೀದಿಯೆಲ್ಲ ಫಿಲ್ಮಿನಂತೆ ತೆಳ್ಳಗೆ, ಪಾರದರ್ಶಕ. ಜನ ಅದರ ಮೇಲೆ ತೋಳು ಮಡಿಸಿಕೊಂಡು ಸಾಲಾಗಿ ನಿಂತಿದ್ದರು. ಸೂಜಿ ನನ್ನ ಕೈಯಲ್ಲಿ.

ಮಾರ್ಚ್ 14, ಬೆಳಿಗ್ಗೆ 8.40

ಕೊಟ್ರೇಶರ ಕೋಣೆಯ ಹೊರಗಿನ ಬೆಂಚು. ಲಾರಿ ಗೋಡೌನಿನ ಬಾಗಿಲಿಗೆ ಹಿಂದಕ್ಕೆ ಬರುತ್ತಿದೆ. ಒಳಗೆ ಭುವನೇಶ್ವರಿಯಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳುತ್ತಿದ್ದಾರೆ. ಅವಳೆದುರೇ ಹೇಳಬೇಕು. ನನ್ನ ಫಿಲ್ಮ್ ಕೋಣೆ, ನನ್ನ ಸಹಿ, ಎಲ್ಲ ಇವತ್ತಿಗೆ ಮುಗಿಯಬಹುದು. ಹೇಗೆ ಶುರು ಮಾಡಲಿ… ಸಾರ್, ಪೆನ್ನು ಅವಳ ಕೈಯಿಂದ ತಗೊಳ್ಳಿ. ಐದನೇ ತಾರೀಖಿನಿಂದ ನಾನೇ —