ಹೊಸ ದೋಣಿಗೆ ಕಂಬಿ

೧೪-೩-೧೯೯೯

ಅಪ್ಪಗ ಹಾಲವ್ವ ಮಾಡೋ ನಮಸ್ಕಾರ.

ನಾನು ಆರಾಮ ಅದೀನಿ. ಕೊಟ್ಟೂರಾಗ ಅಕ್ಕನ ಮನ್ಯಾಗ ನಿನಗ ಊಟ, ನಿದ್ದಿ ಸರಿಯಾಗಿ ನಡದೈತಿ ಅಂತ ತಿಳಕೊಂಡೀನಿ.

ಹಳೇ ದೋಣಿ ಇನ್ನ ಹೊಳಿಗೆ ಇಳಿಯಂಗಿಲ್ಲ. ಹಡಗಲಿಯ ವೆಲ್ಡಿಂಗ್ ಅಂಗಡಿ ಅಸದುಲ್ಲಾಣ್ಣ ಎಂಟು ಡ್ರಮ್ಮಿನ ಮ್ಯಾಲೆ ಹಲಗಿ ಹಾಕಿ ಹೊಸಾದು ಮಾಡಾಕ ಹತ್ಯಾನ. "ನಡಸಾಕಿ ನೀನು, ಹೆಂಗ ಬೇಕು ಹೇಳವ್ವ" ಅಂದ. ಎರಡೂ ಬದಿಗೆ ಬೆಂಚು, ನಡುವ ಕುರಿಗೆ, ಸೈಕಲ್ಲಿಗೆ ಜಾಗ, ಹಿಂದ ಇಂಜಿನ್ ಅಂತ ಹೇಳೀನಿ. ಸುತ್ತಲೂ ಸೊಂಟದ ಮಟ ಕಬ್ಬಿಣದ ಕಂಬಿ ಬೇಕಂದೆ.

ಅಲ್ಲಿದ್ದ ನಮ್ಮೂರ ಹಿರೇರು ಒಪ್ಪಲಿಲ್ಲ. "ಚೀಲ ಇಳಸಾಕ ಅಡ್ಡ ಆಗತೈತಿ. ನಿಮ್ಮಪ್ಪ ಮೂವತ್ತು ವರ್ಷ ಕಂಬಿ ಇಲ್ಲದ ನಡಸ್ಯಾನ" ಅಂದರು.

ಅಪ್ಪಾ, ನಮ್ಮವ್ವ ದೋಣಿಯಿಂದ ಜಾರಿ ಹೊಳಿಪಾಲಾದ ದಿನ ದೋಣಿ ಹುಟ್ಟು ನನ್ನ ಕೈಯಾಗಿತ್ತು. "ಹುಟ್ಟು ಹಾಕತಿದ್ದಾಂವ ನಾನು" ಅಂತ ನೀನು ಊರಿಗೆಲ್ಲ ಹೇಳಿ, ಜನರ ಮಾತು ನೀನ ಕೇಳಿಸಿಕೊಂಡು ಊರು ಬಿಟ್ಟಿ. ಮೂರು ವರ್ಷ ನಾ ಸುಮ್ಮನಿದ್ದೆ. ಮೊನ್ನೆ ಹಿರೇರ ಮುಂದ ಇದ್ದದ್ದು ಇದ್ದಂಗ ಹೇಳಿಬಿಟ್ಟೆ.

ಅದನ್ನ ಕೇಳಿ ಅವರಾಗಿನ ಗೌಡರು, "ಕಂಬಿ ಇರಲಿ. ಚೀಲ ಇಳಸಾಕ ಒಂದು ಬಾಗಲಾ ಬಿಡು. ನಿಮ್ಮಪ್ಪಗ ಬಾ ಅಂತ ನಾವು ಕರದೀವಿ ಅಂತ ಬರಿ" ಅಂದರು.

ಬಾಗಲಾ ಯಾವ ಕಡಿಗೆ ಇಟ್ಟರ ಎರಡೂ ದಂಡಿಗೆ ಹೊಂದತೈತಿ ಅನ್ನೋದು ನನಗ ತಿಳೀವಲ್ದು. ಅಸದುಲ್ಲಾಣ್ಣ ಇಪ್ಪತ್ತೆರಡನೇ ತಾರೀಖು ಸೋಮವಾರದ ತನಕ ಕಾಯತೀನಿ ಅಂದಾನ. ಉತ್ತರ ಬರೀಬ್ಯಾಡ, ನೀನ ಬಾ.

ನಿನ್ನ ಸಣ್ಣ ಮಗಳು,
ಹಾಲವ್ವ