ಎರಡೂ ಮೈ ಹಿಡಿಯೋ ಕಲ್ಲು

ಲೇ ಯಂಕೋಬ,

ನೀ ಸತ್ತು ವರ್ಷ ಆತು. ಓದಾವ್ರಿಲ್ಲಂತ ಗೊತ್ತಿದ್ದೂ ಬರಿಯಾಕತ್ತೀನಿ. ಇವತ್ತ ಪಾಮನಕಲ್ಲೂರಾಗ ಕರಿಬಸಯ್ಯನವರ ಹಳೇ ಮನಿ ಕೆಡವಿದ್ರು. ನಾವಿಬ್ಬರು ಗೌಂಡಿಗಳು ಕೂಡಿ ಕಟ್ಟಿದ ಮನಿ. ಗ್ವಾಡಿ ಹೊರಮೈಗೆ ನಾ ನಿಂತಿದ್ದೆ, ಒಳಮೈಗೆ ನೀ.

ಜೆಸಿಬಿ ಒಮ್ಮೆ ಮುಟ್ಟಿದ್ದಕ್ಕ ಗ್ವಾಡಿ ನಡುವ ಸೀಳಿ ಎರಡಾತು. ನನ್ನ ಕಲ್ಲು ಓಣಿಗೆ ಬಿದ್ವು, ನಿನ್ನವು ಪಡಸಾಲಿಗೆ. ನಡುವ ಬರೇ ಮಣ್ಣು, ಚೂರುಗಲ್ಲು. ದೇವರಮನಿ ಮೂಲಿ ಮಾತ್ರ ಜಗ್ಗಲಿಲ್ಲ. ಹತ್ತಿರ ಹೋಗಿ ನೋಡಿದ್ರ, ಎರಡೆರಡು ಮೊಳಕ್ಕೊಂದು ಉದ್ದನ ಕಲ್ಲು, ಈ ಮೈಯಿಂದ ಆ ಮೈತನಕ. ನಾ ಜ್ವರ ಬಂದು ಮಲಗಿದ್ದ ಎರಡು ದಿನದಾಗ ಇಟ್ಟೀದಿ. ನನಗ ಇವತ್ತ ಗೊತ್ತಾತು.

ಲಾತೂರು ಭೂಕಂಪ ಆದಮ್ಯಾಲ ಅಲ್ಲಿ ಮನಿ ಕಟ್ಟಾಕ ಹೋಗಿ ಕಲ್ತು ಬಂದಿದ್ದಿ. "ನೆಲ ನಡುಗಿದ್ರ ಎರಡೂ ಮೈ ಬ್ಯಾರೆ ಆಗ್ತಾವು, ಉದ್ದನ ಕಲ್ಲು ಇಡೋಣು" ಅಂದಿ. "ನಮ್ಮ ಸೀಮ್ಯಾಗ ನೆಲ ಯಾಕ ನಡುಗತೈತಲೇ, ತಡ ಮಾಡಬ್ಯಾಡ" ಅಂತ ಮಂದಿ ಮುಂದ ನಕ್ಕೆ. ಮನಿ ಮುಗಿದ ದಿನ ನೀ ಲಿಂಗಸೂಗೂರಿಗೆ ಹೋದಿ. ಮತ್ತ ನಾ ಕರೀಲಿಲ್ಲ.

ಮಸ್ಕಿಯಾಗ ನನ್ನ ಮಗಳು ಸುರೇಖಾ ಯಾವ ಗ್ವಾಡಿ ಬಾಜೂಕ ಕೂಸಿನ್ನ ಮಲಗಸತಾಳೋ, ಅದನ್ನೂ ನಾ ಹಂಗ ಉದ್ದನ ಕಲ್ಲಿಲ್ದ ಕಟ್ಟೀನಿ. ಸಂಜಿಗೆ ಹೋಗಿ ಹಾಸಿಗಿ ಸರಿಸಿ ಬಂದೆ. ನಾಳೆ ಅಲ್ಲಲ್ಲಿ ಕಲ್ಲು ಬಿಚ್ಚಿ ಉದ್ದನ ಕಲ್ಲು ಕೂಡಿಸಬೇಕು.

ಹೊರಮೈಗೆ ನಾ ನಿಂತಿರತೀನಿ. ಒಳಗಿಂದ ಕಲ್ಲು ಹಿಡಕೊಳ್ಳಾಕ ಯಾರನ್ನ ಕರೀಲಿ?