ಕೊಯ್ಯದೆ ಬಿಟ್ಟ ಹುಲ್ಲು

ಲೇಡೀಸ್ ಹಾಸ್ಟೆಲ್, ಬೆಳಗಾವಿ
೨೬ ನವೆಂಬರ್ ೨೦೦೪

ರಾಮದುರ್ಗದಲ್ಲಿರುವ ನನ್ನ ಅವ್ವನಿಗೆ ಸಪ್ನಾಳ ನಮಸ್ಕಾರ.

ಮೊದಲಿಗೆ ಸಾರಿ, ಅವ್ವಾ. ಈ ಪತ್ರವನ್ನೇ ನಾನು ಬರೆಯಬಾರದಿತ್ತು. ಕಿತ್ತೂರ ಕಡೆಯ ನಮ್ಮ ಹೊಲದ ಮಾತು ನಿನ್ನ ಮುಂದೆ ತರಬಾರದು ಎಂದು, ನಾನು ಇನ್ನೂ ಸಣ್ಣವಳಿದ್ದಾಗಲೇ ನೀನು ಹೇಳಿದ್ದೆ. ಬೋರ್ಡಿಂಗ್ ಸ್ಕೂಲಿಗೆ ನೀನು ಒಂದು ಭಾನುವಾರ ಬರುತ್ತಿದ್ದೆ, ಅಪ್ಪ ಇನ್ನೊಂದು ಭಾನುವಾರ. ನೀನು ತಂದ ಚಕ್ಕಲಿ ಮತ್ತು ಅಪ್ಪ ತಂದ ಕರದಂಟು ಒಂದನ್ನೊಂದು ನೋಡದ ಹಾಗೆ ಟ್ರಂಕಿನಲ್ಲಿ ಬೇರೆ ಬೇರೆ ಮೂಲೆಗೆ ಇಡುತ್ತಿದ್ದೆ. ಯಾಕೆ ಹೀಗೆ ಅಂತ ಇಬ್ಬರನ್ನೂ ಕೇಳಲಿಲ್ಲ. ಕೇಳಿದರೆ ಯಾರಾದರೊಬ್ಬರು ಬರುವುದನ್ನೇ ಬಿಟ್ಟಾರು ಅಂತ ಹೆದರಿಕೆ.

ಫೋನಿನಲ್ಲಿ ಹೇಳೋಣ ಅಂತ ನಿನ್ನೆ ಬೂತಿಗೆ ಹೋಗಿದ್ದೆ. ನಿಮ್ಮ ಓಣಿಯ ಕಿರಾಣಿ ಅಂಗಡಿಯವರು "ಹಿಡೀರಿ, ಕರಸ್ತೇನಿ" ಅಂದರು. ಆ ಕಡೆ ಚಪ್ಪಲಿ ಸಪ್ಪಳ ಕೇಳಿಸಿತು. ನಿನ್ನದೇ ಅನ್ನಿಸಿ ಫೋನ್ ಇಟ್ಟುಬಿಟ್ಟೆ. ಆ ಕಾಲ್ ನನ್ನದೇ.

ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೊನೆಯವರೆಗೂ ಸುತ್ತುತ್ತಲೇ ಇರುತ್ತೇನೆ. ಅಪ್ಪ ಹೋದಮೇಲೆ ಹೊಲ ನೋಡಿಕೊಳ್ಳುತ್ತಿರುವ ಪರಸಪ್ಪ ಕಾಕಾ, ಹುಲ್ಲಿನ ಹೊಲವನ್ನು ಕಬ್ಬಿಗೆ ತೆಗೆಯುತ್ತಿದ್ದಾರೆ. ಛಟ್ಟಿ ಅಮಾವಾಸ್ಯೆ ದಾಟಿದ ಕೂಡಲೇ ನೇಗಿಲು ಹಚ್ಚುತ್ತಾರೆ. ಅಷ್ಟರೊಳಗೆ ನೀನು ಬಂದು ತಮ್ಮನನ್ನು ಎಲ್ಲಿ ಮಣ್ಣು ಮಾಡಿದ್ದಾರೆ ಅಂತ ತೋರಿಸಬೇಕು. ಆ ಜಾಗ ಗೊತ್ತಿರುವವರು ಈಗ ನೀನೊಬ್ಬಳೇ.

ನನಗೆ ಇದೆಲ್ಲ ಹೇಗೆ ತಿಳಿಯಿತು ಎಂದರೆ, ದೀಪಾವಳಿ ರಜೆಗೆ ಊರಿಗೆ ಹೋಗಿದ್ದೆ. ಹುಲ್ಲು ಸೊಂಟದ ಮಟ್ಟ ಬೆಳೆದು, ತೆನೆ ಒಣಗಿ ಬೀಜ ಉದುರಲಿಕ್ಕೆ ಶುರುವಾಗಿತ್ತು. ಕುಡಗೋಲು ಹಿಡಿಯಲು ಆಳು ಸಿಗುವುದಿಲ್ಲ, ಎಲ್ಲರೂ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬು ಕಡಿಯಲು ಹೋಗಿದ್ದಾರೆ. ಹಾಗಾಗಿ ಕಾಕಾನ ಮಗ ಕಲ್ಮೇಶ, ಅಪ್ಪನ ಹಳೇ ಹುಲ್ಲು ಕೊಯ್ಯುವ ಮಷಿನ್ ಹೊರಗೆ ತೆಗೆಯೋಣ ಎಂದ. ಅದರ ಹೆಸರು ಎತ್ತಿದರೂ ನಿನಗೆ ಆಗುವುದಿಲ್ಲ. ಆದರೂ ಬರೆಯುತ್ತೇನೆ, ಅದನ್ನು ಬಿಟ್ಟು ಉಳಿದದ್ದು ಹೇಳಲು ನನಗೆ ಬರುವುದಿಲ್ಲ.

ಅಜ್ಜ ಅದನ್ನು ಯಾವುದೋ ಮಿಲ್ಟ್ರಿ ಡೇರಿಯ ಹರಾಜಿನಲ್ಲಿ ತಂದಾಗಲೇ ಅದು ಮುದಿಯಾಗಿತ್ತಂತೆ. ಟ್ರ್ಯಾಕ್ಟರಿನ ಬಲಕ್ಕೆ ಒಂದು ಉದ್ದನೆಯ ಪಟ್ಟಿ ನೆಲಕ್ಕೆ ಒರಗಿ ಚಾಚಿಕೊಳ್ಳುತ್ತದೆ. ಅದರ ತುಂಬ ಕಬ್ಬಿಣದ ಬೆರಳುಗಳು. ಆ ಬೆರಳುಗಳ ಸಂದಿಯಲ್ಲಿ ತ್ರಿಕೋನದ ಹಲ್ಲುಗಳಿರುವ ಅಲಗು ಅತ್ತಿತ್ತ ಓಡುತ್ತದೆ, ಕಟಿಂಗ್ ಅಂಗಡಿಯ ಮಷಿನ್ ಕೂದಲು ತೆಗೆಯುವ ಹಾಗೆ. ಅಲಗನ್ನು ದೂಡುವ ತೋಳು ಮಾತ್ರ ಕಟ್ಟಿಗೆಯದು. ಎಲ್ಲಿಯಾದರೂ ಸಿಕ್ಕಿಕೊಂಡರೆ ಮೊದಲು ಕಟ್ಟಿಗೆ ಮುರಿಯಲಿ, ಕಬ್ಬಿಣ ಉಳಿಯಲಿ ಅಂತ. ನಾನು ಮೆಕ್ಯಾನಿಕಲ್ ತೆಗೆದುಕೊಂಡದ್ದು ಅದನ್ನೇ ನೋಡಿ ನೋಡಿ. ಇದನ್ನು ನಿನಗೆ ಹೇಳಿರಲಿಲ್ಲ.

ಅಪ್ಪ ಎರಡು ಅಲಗು ಇಟ್ಟಿದ್ದ, ಮುಂಜಾನೆಗೊಂದು, ಮಧ್ಯಾಹ್ನಕ್ಕೊಂದು. ಹಳೇ ಎಂಜಿನ್ ಎಣ್ಣೆ ಬಳಿದು, ಗೋಣಿತಟ್ಟಿನಲ್ಲಿ ಸುತ್ತಿ ಕೊಟ್ಟಿಗೆಯ ತೊಲೆಗೆ ಕಟ್ಟಿದ್ದ. ಬಿಚ್ಚಿದರೆ ಒಂದು ಚುಕ್ಕೆ ತುಕ್ಕು ಇಲ್ಲ. ಜೂನಿನಲ್ಲಿ, ಮಿರಗದ ಮಳೆಗೆ ಅವನು ತೀರಿಕೊಂಡ, ಅದಕ್ಕೂ ಮೊದಲು ಯಾವಾಗಲೋ ಈ ವರ್ಷದ ಹುಲ್ಲಿಗೆ ಅಂತ ತಯಾರು ಮಾಡಿಟ್ಟಿದ್ದ. ಮಣ್ಣು ಕೊಡುವಾಗ ಎಲ್ಲರ ಎದುರು ನನಗೆ ಅಳು ಬಂದಿರಲಿಲ್ಲ, ಅವನನ್ನು ಮನೆಯಿಂದ ಎತ್ತುವಾಗ ನೀನೂ ಹಿತ್ತಲ ಬಾಗಿಲ ಹತ್ತಿರವೇ ನಿಂತುಬಿಟ್ಟಿದ್ದೆ. ಆ ಗೋಣಿತಟ್ಟು ಬಿಚ್ಚಿದಾಗ ಅತ್ತುಬಿಟ್ಟೆ.

ಎರಡು ಹಲ್ಲು ಸೀಳಿದ್ದವು. ರಿವೆಟ್ ಹೊಡೆದು ತೆಗೆದು ಹೊಸವು ಕೂಡಿಸಿದೆವು. ಸಾಣೆಕಲ್ಲಿನ ಹಿಡಿಕೆ ನಾನು ತಿರುಗಿಸಿದೆ, ಕಲ್ಮೇಶ ಅಲಗು ಹಿಡಿದ. "ಸಾವಕಾಶ ತಿರುಗಸ್ರಿ ಇಂಜಿನಿಯರಬಾಯಾರ, ಹಲ್ಲು ಸುಟ್ಟಾವು. ಕಾಲೇಜಿನ್ಯಾಗ ಇದನ್ನ ಕಲಸಂಗಿಲ್ಲೇನು?" ಅಂತ ನನ್ನನ್ನು ಕಾಡುತ್ತಲೇ ಇದ್ದ. ನಾವು ಇಬ್ಬರೂ ಅವತ್ತು ಖುಷಿಯಾಗಿದ್ದೆವು, ಅವ್ವಾ. ಅದೂ ಖರೆ.

ಹುಲ್ಲಿನ ಹೊಲದ ನಡುವೆ ಒಂದು ಕಡೆ ಅಪ್ಪ ಯಾವಾಗಲೂ ಹಿಡಿಕೆ ಎಳೆದು ಪಟ್ಟಿಯನ್ನು ಎತ್ತುತ್ತಿದ್ದ. ಅಲ್ಲಿನ ಹುಲ್ಲು ಹಾಗೇ ನಿಲ್ಲುತ್ತಿತ್ತು. ಕೇಳಿದರೆ "ಅಲ್ಲಿ ಕಲ್ಲು ಐತಿ, ಅಲಗು ಮುರಿತೈತಿ" ಅನ್ನುತ್ತಿದ್ದ. ನಾನು ಸಣ್ಣವಳಿದ್ದಾಗ ಅದು ಎರಡು ಹಾಸಿಗೆ ಹಾಸುವಷ್ಟು ಜಾಗ. ಆಮೇಲೆ ಒಂದು ಕೋಣೆಯಷ್ಟಾಯಿತು. ಹೋದ ವರ್ಷ ಒಂದು ಕಣದಷ್ಟು. "ಎಲ್ಲಾರ ಹೊಲದಾಗೂ ಕಲ್ಲು ಸವೀತಾವ, ನಮ್ಮ ದೊಡ್ಡಪ್ಪನ ಕಲ್ಲು ವರ್ಷಾ ವರ್ಷಾ ಬೆಳೀತೈತಿ" ಅಂತ ಕಲ್ಮೇಶ ನಗುತ್ತಿದ್ದ. ಅಪ್ಪನೂ ನಗುತ್ತಿದ್ದ. ಪಟ್ಟಿ ಮಾತ್ರ ಇಳಿಸುತ್ತಿರಲಿಲ್ಲ.

ಈ ಸಲ ಕೊಯ್ಯುವ ಮೊದಲು ನಾನು ಒಂದು ಕೋಲು ಹಿಡಿದು ಆ ಜಾಗವನ್ನೆಲ್ಲ ಚುಚ್ಚಿ ನೋಡಿದೆ. ಕಲ್ಲು ಸಿಗಲೇ ಇಲ್ಲ. ಮೆತ್ತನೆಯ ಎರೆಮಣ್ಣು, ಅಷ್ಟೆ. ಕಲ್ಮೇಶನಿಗೆ ಹೇಳಿದೆ, ಎತ್ತಬೇಡ, ನೇರ ಹೋಗು ಅಂತ. ಆ ಜಾಗದ ಅಂಚಿನಲ್ಲಿ ಒಂದು ಸಾಲು ಕೊಯ್ದು ತಿರುಗಿ ಬರುತ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ಸಿವುಡು ಕಟ್ಟುತ್ತಿದ್ದ ಕೃಷ್ಣವ್ವ ಓಡಿಬಂದು ಮಷಿನ್ನಿನ ಮುಂದೆಯೇ ನಿಂತಳು. ಅಜ್ಜನ ಕಾಲದಿಂದ ನಮ್ಮ ಹೊಲದಲ್ಲಿ ದುಡಿದ ಕೃಷ್ಣವ್ವ ನಿನಗೆ ನೆನಪಿರಬೇಕು. ಓಡುವ ವಯಸ್ಸಲ್ಲ ಅವಳದು.

ಕಲ್ಮೇಶ ಗಪ್ಪನೆ ಎಂಜಿನ್ ಬಂದ್ ಮಾಡಿ "ಏ ಆಯಿ, ಸಾಯಾಕ ಬಂದೀಯೇನ? ಈ ಮಷಿನ್‌ಗೆ ಕಣ್ಣಿಲ್ಲ" ಎಂದು ಬೈದ.

"ಅದಕ್ಕಿಲ್ಲ ಬಿಡು, ನಿನಗರ ಅದಾವಿಲ್ಲ?" ಅಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ತಂಗಿ, ಅಲ್ಲಿ ಕಲ್ಲು ಇಲ್ಲವ್ವಾ. ಅಲ್ಲಿ ನಿನ್ನ ತಮ್ಮ ಅದಾನ" ಅಂದಳು.

ನನಗೊಬ್ಬ ತಮ್ಮ ಹುಟ್ಟಿ ಹೋಗಿದ್ದ ಅಂತ ಗೊತ್ತಿತ್ತು. ನಮ್ಮ ಮನೆಯ ಹಿರಿಯರೆಲ್ಲ ಬದುವಿನ ಮೇಲೆ ಬೇವಿನ ಗಿಡದ ಕೆಳಗೆ ಇದ್ದಾರಲ್ಲ, ಅವನೂ ಅಲ್ಲೇ ಇದ್ದಾನೆ ಎಂದುಕೊಂಡಿದ್ದೆ. ಕೃಷ್ಣವ್ವ ಕೊಯ್ದ ಹುಲ್ಲಿನ ಮೇಲೆ ಕುಳಿತು ಎಲ್ಲ ಹೇಳಿದಳು. ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತಿದ್ದೇನೆ, ಆದರೆ ಎಲ್ಲವೂ ನಿನಗೆ ಗೊತ್ತಿಲ್ಲ ಅಂತ ನನಗೆ ಅನ್ನಿಸುತ್ತದೆ.

ನನಗೆ ನೆನಪಿಲ್ಲದ ಆ ಶ್ರಾವಣದಲ್ಲಿ ಕೂಸಿಗೆ ಜ್ವರ ಏರಿದಾಗ ಅಪ್ಪ ಬೆಳಗಾವಿಯಲ್ಲಿದ್ದ. ಹರಾಜಿನ ಮಷಿನ್ನಿಗೆ ಹಲ್ಲು ಇರಲಿಲ್ಲ, ಗುಜರಿ ಅಂಗಡಿಗಳಲ್ಲಿ ಹುಡುಕುತ್ತ ಉಳಿದಿದ್ದ. ಆಮೇಲೆ ಹೊಳೆ ಬಂದು ಬಸ್ಸು ನಿಂತವು. ಅವನು ಬರುವುದರೊಳಗೆ ಎಲ್ಲ ಮುಗಿದಿತ್ತು. ಬದುವಿನಲ್ಲಿ ನೀರು ನಿಂತಿತ್ತು ಅಂತ ಅಜ್ಜ ಕೂಸನ್ನು ಹುಲ್ಲಿನ ಹೊಲದ ಎತ್ತರದಲ್ಲಿ ಮಣ್ಣು ಮಾಡಿದ. ಜೊತೆಗೆ ನೀನೊಬ್ಬಳೇ. ಕೂಸಿಗೆ ಕಲ್ಲು ಇಡುವ ಪದ್ಧತಿ ಇಲ್ಲ ಅಂದನಂತೆ, ನೀನು ಒಂದು ತುಂಬೆ ಗಿಡ ಊರಿದೆ. ಮರುದಿನವೇ ರಾಮದುರ್ಗದಿಂದ ಮಾಮಾ ಬಂದು ನಿನ್ನನ್ನು ಕರೆದುಕೊಂಡು ಹೋದ. ಅಪ್ಪ ಬಂದಾಗ ಅಜ್ಜ ಅವನಿಗೆ ಹೇಳಿದ್ದು ಇಷ್ಟೇ: "ಹೊಲದಾಗ ಮಣ್ಣ ಕೊಟ್ಟೀವಿ."

ಅವ್ವಾ, ನಮ್ಮ ಮನೆಯಲ್ಲಿ ಹೊಲದಲ್ಲಿ ಅಂದರೆ ಎಲ್ಲಿ ಅಂತ ಯಾರಾದರೂ ಮತ್ತೆ ಕೇಳುತ್ತಾರೆಯೇ? ಅಪ್ಪನೂ ಕೇಳಲಿಲ್ಲ. ಬೇವಿನ ಗಿಡದ ಕೆಳಗೆ ಅಜ್ಜಿಯ ಗದ್ದುಗೆಯ ಪಕ್ಕ ಸ್ವಲ್ಪ ಮಣ್ಣು ಎದ್ದಿತ್ತು. ಮಳೆಗಾಲ ಮುಗಿಯುವವರೆಗೆ ದಿನಾ ಅಲ್ಲಿ ಹೂವಿಟ್ಟು ಬರುತ್ತಿದ್ದನಂತೆ. ಆ ಮಣ್ಣಿನಲ್ಲಿ ಏನೂ ಇರಲಿಲ್ಲ. ಕೃಷ್ಣವ್ವ ದಿನಾ ನೋಡುತ್ತಿದ್ದಳು, ಅವಳಿಗೂ ಆಗ ಗೊತ್ತಿರಲಿಲ್ಲ.

ಆ ವರ್ಷ ದೀಪಾವಳಿ ಮುಗಿದ ಮೇಲೆ ನೀನು ತಿರುಗಿ ಬಂದೆ. ಮನೆಗೂ ಹೋಗದೆ ನೇರ ಹೊಲಕ್ಕೆ. ಹೊಲವೆಲ್ಲ ಕೊಯ್ದಾಗಿತ್ತು, ತುಂಬೆ ಗಿಡವೂ ಹುಲ್ಲಿನ ಸಂಗಡ ಬಣವಿಗೆ ಹೋಗಿತ್ತು. ಅಪ್ಪ ಮಷಿನ್ ಮೇಲಿಂದ ಇಳಿದು ಬಂದ. ನೀನು ಕೂಳೆಯಲ್ಲಿ ನಡೆದು, ಅಲ್ಲಲ್ಲಿ ನಿಂತು ಮುಂದೆ ಹೋದೆಯಂತೆ. ಅಷ್ಟರಲ್ಲಿ ಕೂಸು ಬೇವಿನ ಗಿಡದ ಕೆಳಗಿಲ್ಲ ಅಂತ ಅಪ್ಪನಿಗೆ ತಿಳಿಯಿತು. ಎಲ್ಲಿ, ಎಲ್ಲಿ ಅಂತ ಕೇಳಿದ. ಆಗ ನೀನು ಹೇಳಿದ ಮಾತನ್ನು ಕೃಷ್ಣವ್ವ ನನಗೆ ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ನೀವ ಕೊಯ್ದೀರಿ, ನೀವ ಹುಡಕ್ರಿ." ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೆಯಂತೆ.

ನಿನ್ನದು ತಪ್ಪು ಅಂತ ನಾನು ಅನ್ನುತ್ತಿಲ್ಲ. ನಾನಾಗಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಆದರೆ ಅಪ್ಪ ಹುಡುಕಿದ, ಅವ್ವಾ. ಅಜ್ಜನನ್ನು ಕರೆದೊಯ್ದ. ಅಜ್ಜ ಒಂದು ದಿನ ಇಲ್ಲಿ ಅಂದ, ಇನ್ನೊಂದು ದಿನ ಅಲ್ಲಿ ಅಂದ, ಆಮೇಲೆ ಅವನೂ ತೀರಿಕೊಂಡ. ಮರುವರ್ಷ ಅಪ್ಪ ಅಂದಾಜಿನಲ್ಲಿ ಒಂದಿಷ್ಟು ಜಾಗ ಬಿಟ್ಟ. ಅದರ ಮರುವರ್ಷ ಅಲ್ಲಲ್ಲ, ಇನ್ನೂ ಆ ಕಡೆ ಇದ್ದರೆ ಹೇಗೆ ಅಂತ ಆ ಕಡೆಯೂ ಬಿಟ್ಟ. ಆಮೇಲೆ ಈ ಕಡೆ. ಕೃಷ್ಣವ್ವ ಒಮ್ಮೆ "ಯಪ್ಪಾ, ಹಿಂಗ ಬಿಟ್ಟಕೋತ ಹ್ವಾದ್ರ ದನಾ ಏನ ತಿಂತಾವ?" ಅಂದಿದ್ದಕ್ಕೆ, "ಪೂರಾ ಹೊಲಾನ ಬಿಡಬೇಕು ಕೃಷ್ಣವ್ವ, ನನಗ ಧೈರ್ಯ ಸಾಲವಲ್ದು" ಅಂದನಂತೆ.

ಬೆಳೆಯುತ್ತಿದ್ದದ್ದು ಕಲ್ಲಲ್ಲ. ಅವನಿಗೆ ವರ್ಷ ವರ್ಷವೂ ಖಾತ್ರಿ ಕಡಿಮೆಯಾಗುತ್ತ ಹೋಯಿತು.

ಭಾನುವಾರ ಹಾಸ್ಟೆಲಿಗೆ ಬಂದಾಗ ನಿನ್ನ ಬಗ್ಗೆ ಅವನು ಕೇಳುತ್ತಿದ್ದದ್ದು ಒಂದೇ ಮಾತು, "ನಿಮ್ಮವ್ವ ಏನರ ಹೇಳಿದಳೇನು?" ನಾನು ಇಲ್ಲ ಅನ್ನುತ್ತಿದ್ದೆ. ಫೀಸಿನದೋ ಬಟ್ಟೆಯದೋ ಕೇಳುತ್ತಿದ್ದಾನೆ ಅಂದುಕೊಂಡಿದ್ದೆ. ಇದನ್ನು ನೆನೆಸಿದರೆ ನನಗೆ ಕ್ಲಾಸಿನಲ್ಲಿ ಕೂರಲಿಕ್ಕೆ ಆಗುತ್ತಿಲ್ಲ. ಇಂಟರ್ನಲ್ಸ್‌ನಲ್ಲಿ ಖಾಲಿ ಪೇಪರ್ ಕೊಟ್ಟು ಬಂದೆ. ನಾವು ಕೊಯ್ದ ಆ ಒಂದು ಸಾಲಿನಲ್ಲೇ ಅವನಿದ್ದರೆ ಅಂತ ಒಂದೇ ಸಮನೆ ಅನ್ನಿಸುತ್ತದೆ. ಹುಲ್ಲು ಕೊಯ್ದರೆ ಕೂಸಿಗೆ ಏನೂ ಆಗುವುದಿಲ್ಲ ಅಂತ ನನಗೂ ತಿಳಿಯುತ್ತದೆ. ಆದರೂ.

ಕಾಕಾನ ಹತ್ತಿರ ನಾನೇ ಹೋಗಿ ಹೇಳಿದೆ. ಕೂಸು ಹೋದಾಗ ಅವರು ಕಾರ್ಖಾನೆ ಕೆಲಸದಲ್ಲಿದ್ದರಲ್ಲ, ಇದು ಯಾವುದೂ ಅವರಿಗೆ ಗೊತ್ತಿರಲಿಲ್ಲ.  "ನಮ್ಮಣ್ಣ ನನಗರ ಹೇಳಬೇಕಿತ್ತಲ್ಲವಾ" ಅಂದರು. ಆಮೇಲೆ, "ಜಾಗಾ ತೋರಸ್ರಿ, ಕಟ್ಟಿ ಕಟ್ಟಿಸಿ ಸುತ್ತೂಕಡೆ ಬೇಕಾದಷ್ಟು ಬಿಡತೇನಿ. ಆದರ ಇಷ್ಟು ದೊಡ್ಡ ಜಾಗಾ, ಇಲ್ಲೋ ಅಲ್ಲೋ ಅಂತ ಬಿತ್ತದ ಪಡಾ ಬಿಡಂದ್ರ ಹೆಂಗ ತಂಗಿ? ನಾನೂ ಒಕ್ಕಲುತನಾ ಮಾಡಬೇಕಲ್ಲ" ಅಂದರು. ಸಿಟ್ಟಿನಿಂದ ಹೇಳಲಿಲ್ಲ. 

ಅಪ್ಪನ ಗದ್ದುಗೆ ಬದುವಿನ ಮೇಲಿದೆ, ಅದಕ್ಕೆ ಯಾರೂ ನೇಗಿಲು ಹಚ್ಚುವುದಿಲ್ಲ. ತಮ್ಮನಿಗೆ ಏನೂ ಇಲ್ಲ. ಟ್ರ್ಯಾಕ್ಟರಿನ ನೇಗಿಲು ಮೊಣಕಾಲಿನ ಆಳಕ್ಕೆ ಇಳಿಯುತ್ತದೆ. ಆಮೇಲೆ ನೀನು ಬಂದರೂ ತೋರಿಸಲು ಏನೂ ಉಳಿದಿರುವುದಿಲ್ಲ.

"ನಿಮ್ಮವ್ವಗ ಗೊತ್ತೈತಿ, ಕಣ್ಣು ಕಟ್ಟಿ ಬಿಟ್ರೂ ಹೋಗಿ ಅಲ್ಲೇ ನಿಂದರತಾಳ" ಅಂದಳು ಕೃಷ್ಣವ್ವ. ಬಾ ಅವ್ವಾ. ಮನೆಗೆ ಬರಬೇಡ, ಕಾಕಾನ ಮುಖ ನೋಡಬೇಡ, ಅಪ್ಪನ ಗದ್ದುಗೆಯ ಹತ್ತಿರವೂ ಹೋಗಬೇಡ ಬೇಕಾದರೆ. ನಾನು ಕಿತ್ತೂರ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ, ನೇರ ಹೊಲಕ್ಕೆ ಹೋಗೋಣ. ನೀನು ಏನೂ ಮಾತಾಡಬೇಕಾಗಿಲ್ಲ. ನಡೆದು ಹೋಗಿ ನಿಂತರೆ ಸಾಕು. ಆ ಜಾಗದ ಹುಲ್ಲು ಇನ್ನೂ ನಿಂತಿದೆ, ಆ ಒಂದು ಸಾಲು ಬಿಟ್ಟು.

ಅವನ ಹೆಸರು ಏನಿಟ್ಟಿದ್ದೆ ಅಂತ ಅದನ್ನೂ ಬರೆ. ಕೃಷ್ಣವ್ವ ಬರೀ ಕೂಸು ಅನ್ನುತ್ತಾಳೆ.

ನಿನ್ನ ಮಗಳು,
ಸಪ್ನಾ

ತಾ.ಕ.: ಅಮಾವಾಸ್ಯೆಯವರೆಗೆ ತಡೆಯಲು ಕಾಕಾ ತಾವಾಗಿಯೇ ಒಪ್ಪಿದ್ದಲ್ಲ. ಮರುದಿನವೇ ನೇಗಿಲು ಹಚ್ಚುವವರಿದ್ದರು. ಅವ್ವನ ಜೊತೆ ಮಾತಾಡಿದ್ದೇನೆ, ಬರುತ್ತೇನೆ ಅಂದಿದ್ದಾಳೆ, ಅಪ್ಪನ ಮೇಲೆ ಅವಳಿಗೆ ಈಗ ಸಿಟ್ಟಿಲ್ಲ ಅಂತ ನಾನೇ ಹೇಳಿಬಿಟ್ಟೆ. ಅದನ್ನು ಕೇಳಿ ಕಾಕಾ ಕಣ್ಣು ಒರೆಸಿಕೊಂಡು ಕಲ್ಮೇಶನಿಗೆ ನೇಗಿಲು ಬಿಚ್ಚಲು ಹೇಳಿದರು. ಮೂರೂ ಮಾತು ಸುಳ್ಳು ಅಂತ ನನಗೊಬ್ಬಳಿಗೇ ಗೊತ್ತು. ದಯವಿಟ್ಟು ಲಗೂ ಉತ್ತರ ಬರೆ.